ಒಂದೇ ದಿನ ಪಟ್ಟ ಬಿಟ್ಟ ಇಬ್ಬರು

ಹನ್ನೊಂದು ವರ್ಷ ಒಂದು ವಿಭಾಗದ ಮುಖ್ಯಸ್ಥನಾಗಿದ್ದೆ. ಹೋದ ವರ್ಷ ನಿವೃತ್ತನಾದೆ. ಬೀಗದ ಕೈ ಒಪ್ಪಿಸಿ ಬಂದ ಮೊದಲ ವಾರ ಫೋನನ್ನು ಮತ್ತೆ ಮತ್ತೆ ನೋಡುತ್ತಿದ್ದೆ. ಊಟಕ್ಕೂ ಬಿಡದೆ ಬಡಿದುಕೊಳ್ಳುತ್ತಿದ್ದ ಫೋನು ಸುಮ್ನೆ ಮಲಗಿತ್ತು.

ನನಗೆ ಇಷ್ಟ ಇರೋದು ಕೆಲಸ, ಕುರ್ಚಿ ಅಲ್ಲ ಅಂತ ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೆ. ನಿಜವಾಗಿಯೂ ಹಾಗೇ ನಂಬಿದ್ದೆ. ಆದರೆ ನನ್ನ ಜಾಗಕ್ಕೆ ಬಂದವರಿಗೆ ಆ ತಿಂಗಳಲ್ಲೇ ಮೂರು ಸಲ ಫೋನ್ ಮಾಡಿ, ಹೀಗೆ ಮಾಡಿ, ಹಾಗೆ ಮಾಡಿ ಅಂದೆ. ಅವರೇನೂ ಕೇಳಿರಲಿಲ್ಲ. ನಾಲ್ಕನೇ ಸಲ ಅವರು ಎತ್ತಲಿಲ್ಲ. ಆ ಸಂಜೆ ಬಂದ ಸಿಟ್ಟು ಕಂಡು ನನಗೇ ಭಯವಾಯಿತು.

ಆ ದಿನಗಳಲ್ಲೇ ರೋಮಿನ ಇಬ್ಬರು ಚಕ್ರವರ್ತಿಗಳ ಬಗ್ಗೆ ಓದಿದೆ. ಡಯೋಕ್ಲೀಷಿಯನ್ ಮತ್ತು ಮ್ಯಾಕ್ಸಿಮಿಯನ್. ಸಾಮ್ರಾಜ್ಯವನ್ನು ಪೂರ್ವ, ಪಶ್ಚಿಮ ಅಂತ ಹಂಚಿಕೊಂಡು ಆಳುತ್ತಿದ್ದರು. ಕ್ರಿ.ಶ. 305ರ ಮೇ 1ರಂದು ಇಬ್ಬರೂ ಪಟ್ಟ ಬಿಟ್ಟರು. ಡಯೋಕ್ಲೀಷಿಯನ್ ಮನಸ್ಸಾರೆ, ಮ್ಯಾಕ್ಸಿಮಿಯನ್ ಅವನ ಮಾತಿಗೆ ಕಟ್ಟುಬಿದ್ದು. ಮರುವರ್ಷವೇ ಮ್ಯಾಕ್ಸಿಮಿಯನ್ ವಾಪಸು ಬಂದ. 308ರಲ್ಲಿ ಮತ್ತೆ ಪಟ್ಟ ಬಿಡಿಸಿದರು. ಆಮೇಲೆ ಸ್ವಂತ ಅಳಿಯನ ಮೇಲೇ ದಂಗೆ ಎದ್ದು 310ರಲ್ಲಿ ಸತ್ತ. ಡಯೋಕ್ಲೀಷಿಯನ್ನನನ್ನೂ ವಾಪಸು ಕರೆದಿದ್ದರು. ನನ್ನ ಕೈಯಾರೆ ಬೆಳೆದ ತರಕಾರಿ ನೋಡಿದ್ದರೆ ನೀವು ಹೀಗೆ ಕೇಳುತ್ತಿರಲಿಲ್ಲ ಅಂದನಂತೆ.

ತರಕಾರಿಯ ಮಾತು ಎಲ್ಲರಿಗೂ ಇಷ್ಟವಾಗುತ್ತದೆ, ಅಲ್ವಾ? ನನಗೆ ಮಾತ್ರ ಮ್ಯಾಕ್ಸಿಮಿಯನ್ ಹತ್ತಿರದವನು ಅನಿಸಿದ. ಅಪ್ಪಣೆ ಕೊಡುವುದರಲ್ಲಿ ನನಗೆ ಅಂಥ ಸುಖವೇನೂ ಇರಲಿಲ್ಲ. ಆದರೆ ನಾನು ಬಾಯಿ ತೆರೆದರೆ ಉಳಿದವರು ಸುಮ್ಮನಾಗುತ್ತಿದ್ದರಲ್ಲ, ರುಚಿ ಹತ್ತಿದ್ದು ಅದಕ್ಕೆ. ಹನ್ನೊಂದು ವರ್ಷ ಯಾರೂ ನನ್ನ ಮಾತನ್ನು ಅರ್ಧಕ್ಕೆ ತಡೆದಿರಲಿಲ್ಲ. ಅದು ನನ್ನ ಮಾತಿನ ತೂಕ ಅಂದುಕೊಂಡಿದ್ದೆ. ಈಗ ಮಗಳು ನಡುವೆಯೇ ಬಾಯಿ ಹಾಕುತ್ತಾಳೆ. ಬಹಳ ಸಲ ಅವಳು ಹೇಳುವುದೇ ಸರಿ.

ಡಯೋಕ್ಲೀಷಿಯನ್ನನ ಕಥೆ ತೋಟದಲ್ಲಿ ಮುಗಿಯುವುದಿಲ್ಲ. ಅವನ ಮಗಳು ವಲೇರಿಯಾ 311ರಲ್ಲಿ ವಿಧವೆಯಾದಳು. ಪೂರ್ವದ ಹೊಸ ದೊರೆ ತನ್ನನ್ನು ಮದುವೆಯಾಗು ಅಂದ. ಅವಳು ಒಲ್ಲೆ ಅಂದಳು. ಅವನು ಅವಳ ಆಸ್ತಿ ಕಿತ್ತುಕೊಂಡು ಗಡೀಪಾರು ಮಾಡಿದ. ಮಗಳನ್ನು ತನ್ನ ಹತ್ತಿರ ಕಳಿಸಿಕೊಡಿ ಅಂತ ಡಯೋಕ್ಲೀಷಿಯನ್ ಮತ್ತೆ ಮತ್ತೆ ಬೇಡಿಕೊಂಡ. ಕಳಿಸಲಿಲ್ಲ. ಇಪ್ಪತ್ತು ವರ್ಷ ಸಾಮ್ರಾಜ್ಯ ಆಳಿದವನು!

ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ವಿಭಾಗದ ಒಬ್ಬರು ನೆನಪಾದರು. ತಾಯಿಗೆ ಕಾಯಿಲೆ, ಊರಿನ ಹತ್ತಿರ ವರ್ಗಾವಣೆ ಕೊಡಿ ಅಂತ ಮೂರು ಸಲ ಬಂದಿದ್ದರು. ಬಾಗಿಲ ಹತ್ತಿರವೇ ನಿಂತು ಕೇಳುತ್ತಿದ್ದರು. ಕೂತುಕೊಳ್ಳಿ ಅಂತಲೂ ನಾನು ಹೇಳಿರಲಿಲ್ಲ. ಮುಂದಿನ ತಿಂಗಳು ನೋಡೋಣ ಅಂದೆ, ಮೂರು ಸಲವೂ. ನನ್ನ ಒಂದು ಸಹಿ ಸಾಕಿತ್ತು. ಅದನ್ನು ತಡೆದು ಇಟ್ಟುಕೊಂಡಿದ್ದಕ್ಕೆ ಕಾರಣ ಏನು ಅಂತ ಎಷ್ಟು ಹುಡುಕಿದರೂ, ತಡೆಯುವುದು ನನ್ನ ಕೈಯಲ್ಲಿತ್ತು ಅನ್ನುವುದು ಬಿಟ್ಟರೆ ಬೇರೆ ಸಿಗುತ್ತಿಲ್ಲ.

ನಾಲ್ಕನೇ ಸಲ ಅವರು ಬರಲಿಲ್ಲ. ಅವರ ತಾಯಿ ಏನಾದರು ಅಂತ ನಾನೂ ಕೇಳಲಿಲ್ಲ. ಅವರ ನಂಬರು ಈಗಲೂ ನನ್ನ ಫೋನಿನಲ್ಲಿದೆ. ಎರಡು ಸಲ ತೆಗೆದು ನೋಡಿದ್ದೇನೆ. ಇನ್ನೂ ಕರೆ ಮಾಡಿಲ್ಲ.