ಮುರಿದ ಶಾಫ್ಟಿನ ಮುಖ

ಅಡಿಕೆ ತೋಟಕ್ಕೆ ನೀರು ಬಿಡುವ ಪಂಪಿನ ಶಾಫ್ಟು ಇಂದು ಬೆಳಿಗ್ಗೆ ತುಂಡಾಯಿತು. ಬದಿಯಡ್ಕದಲ್ಲಿ ಲೇತಿನವರ ಮೇಜಿನ ಮೇಲೆ ಆ ತುಂಡನ್ನಿಟ್ಟು ಬಹಳ ಹೊತ್ತು ನೋಡಿದೆ.

ಶಾಫ್ಟನ್ನು ಚಕ್ರಕ್ಕೆ ಬಿಗಿಯುವ ಕೀ ಎಂಬ ಲೋಹದ ತುಂಡು ಕೂರುವ ಕಚ್ಚಿನ ಮೂಲೆಯಿಂದ ಹೊರಟು, ಮರುವಾಯಿ ಚಿಪ್ಪಿನ ಬೆನ್ನಿನಲ್ಲಿರುವಂತೆ ಒಂದರ ಹಿಂದೊಂದು ಬಾಗಿದ ನುಣುಪು ಗೆರೆಗಳು. ಕೊನೆಯ ಕಾಲು ಭಾಗ ಮಾತ್ರ ಒರಟು. ಆ ಗೆರೆಗಳು ಬಿರುಕು ಮೆಲ್ಲಗೆ ಸಾಗಿದ ಗುರುತು, ಒರಟು ಭಾಗ ಒಮ್ಮೆಗೇ ಮುರಿದದ್ದು. ಮುರಿದದ್ದು ಇಂದಾದರೂ ಬಿರುಕು ಹುಟ್ಟಿದ್ದು ಎಂದೋ.

ತಿರುಗುವ ಶಾಫ್ಟಿನಲ್ಲಿ ಬಿರುಕು ಸುತ್ತಿಗೊಮ್ಮೆ ತೆರೆದು ಮುಚ್ಚುತ್ತದೆ. ಲೋಹ ಇನ್ನೂ ಎಳೆತದಲ್ಲಿರುವಾಗಲೇ ಬಿರುಕಿನ ಎರಡು ಮುಖಗಳು ತಾಗಿಬಿಡುತ್ತವೆ ಎಂಬುದನ್ನು ಎಂಜಿನಿಯರ್ ವುಲ್ಫ್ ಎಲ್ಬರ್ 1970ರಲ್ಲಿ ಪ್ರಕಟಿಸಿದರು. ಬಿರುಕಿನ ತುದಿ ಮುಂದೆ ಸಾಗುವಾಗ ಹಿಂದೆ ಉಳಿದ, ಹಿಗ್ಗಿ ಮತ್ತೆ ಕುಗ್ಗದ ಲೋಹವೇ ನಡುವೆ ಬೆಣೆಯಂತೆ ನಿಲ್ಲುವುದರಿಂದ, ಎಳೆತದ ಒಂದು ಪಾಲು ತುದಿಯನ್ನು ಮುಟ್ಟುವುದೇ ಇಲ್ಲ. ಉದ್ದದ ಬಿರುಕಿಗೆ ಹೀಗೆ ಸ್ವಲ್ಪ ತಡೆಯಿದೆ. ಆಗಷ್ಟೇ ಹುಟ್ಟಿದ, ಕೂದಲೆಳೆಗಿಂತ ಚಿಕ್ಕ ಬಿರುಕಿನ ಹಿಂದೆ ಅಂಥ ಲೋಹ ಹೆಚ್ಚೇನೂ ಇರುವುದಿಲ್ಲ. ಆದ್ದರಿಂದ ಅದು, ಉದ್ದದ ಬಿರುಕುಗಳ ಲೆಕ್ಕ ಹಿಡಿದರೆ ಬೆಳೆಯಲೇಬಾರದ ಕಡೆಯಲ್ಲೂ ಬೆಳೆಯಬಲ್ಲದು. ದಿನವಿಡೀ ನನ್ನನ್ನು ಕಾಡಿದ್ದು ಇದೇ.

ಹೊಸ ಶಾಫ್ಟಿನ ಕಚ್ಚಿನ ಮೂಲೆಯನ್ನು ಚೂಪಾಗಿ ಬಿಡದೆ ಸ್ವಲ್ಪ ದುಂಡಗೆ ಮಾಡಿಕೊಡಿ ಎಂದು ಕೇಳಿಕೊಂಡು ಬಂದಿದ್ದೇನೆ. ನಾಳೆ ಸಂಜೆಗೆ ಸಿಗುತ್ತದಂತೆ.