ಸ್ಕೇಟ್ ಮೀನಿನ ಮಾದರಿ: ಬೆನ್ನು ಮುಗಿಯಿತು, ಹೊಟ್ಟೆ ಶುರು

ಸಮುದ್ರದ ತಳಕ್ಕೆ ಅಂಟಿಕೊಂಡು ಬದುಕುವ ಮೀನುಗಳ ಮಾದರಿಗಳನ್ನು ತಂತಿ, ಕಾಗದದಲ್ಲಿ ಮಾಡುತ್ತಿದ್ದೇನೆ. ಈ ಸರಣಿಯಲ್ಲಿ ಮೊದಲನೆಯದು ಯುರೋಪಿನ ಥಾರ್ನ್‌ಬ್ಯಾಕ್ ಸ್ಕೇಟ್. ನಮ್ಮ ಕರಾವಳಿಯ ತೊರಕೆ ಮೀನು ನೋಡಿದವರಿಗೆ ಆಕಾರ ತಕ್ಷಣ ಗೊತ್ತಾಗುತ್ತದೆ. ಎರಡೂ ನೆಂಟರೇ. ಆದರೆ ತೊರಕೆ ಮರಿ ಹಾಕುತ್ತದೆ, ಸ್ಕೇಟ್ ಮೊಟ್ಟೆ ಇಡುತ್ತದೆ.

ಬೆನ್ನಿನ ಕೆಲಸ ಮುಗಿದಿದೆ. ತಂತಿಯ ಚೌಕಟ್ಟು, ಅದರ ಮೇಲೆ ಅರೆದ ಕಾಗದ, ಆಮೇಲೆ ಮರಳಿನಲ್ಲಿ ಕಾಣದಂತೆ ಕಂದು ಮಚ್ಚೆ. ಕಣ್ಣಿಗೆ ಮಾತ್ರ ತುಂಬಾ ಹೊತ್ತು ಹಿಡಿಯಿತು. ಬೆಳಕು ಜಾಸ್ತಿ ಆದಾಗ ಸ್ಕೇಟಿನ ಕಣ್ಣುಪಾಪೆಯ ಮೇಲೆ ಬಾಗಿಲ ತೋರಣದ ಹಾಗೆ ಒಂದು ಅಂಚು ಇಳಿದುಕೊಳ್ಳುತ್ತದೆ. ಅದರ ಎಸಳು ಎಸಳನ್ನೂ ಬಿಡಿಸಿದ್ದೇನೆ.

ಕಣ್ಣುಗಳ ಹಿಂದೆ ಒಂದೊಂದು ತೂತು ಇಟ್ಟಿದ್ದೇನೆ. ಮೀನು ತಳದಲ್ಲಿ ಮಲಗಿದಾಗ ಬಾಯಿಂದ ನೀರು ಎಳೆದರೆ ಮರಳೂ ಒಳಗೆ ಬರುತ್ತದೆ, ಅಲ್ವಾ? ಅದಕ್ಕೇ ಈ ತೂತುಗಳಿಂದ ನೀರು ಎಳೆದುಕೊಂಡು, ಹೊಟ್ಟೆಯ ಕಡೆಯ ಐದು ಜೊತೆ ಕಿವಿರು ಸೀಳುಗಳಿಂದ ಹೊರಗೆ ಬಿಡುತ್ತದೆ.

ಈಗ ಹೊಟ್ಟೆಯ ಕಡೆ. ಅಕ್ವೇರಿಯಂ ಗಾಜಿಗೆ ಅಂಟಿದ ಸ್ಕೇಟ್ ನಗುತ್ತಿದೆ ಅಂತ ಫೋಟೋ ಹಾಕುತ್ತಾರಲ್ಲ, ಅಲ್ಲಿ ಕಣ್ಣಿನಂತೆ ಕಾಣುವುದು ಮೂಗಿನ ಹೊಳ್ಳೆಗಳು. ನಿಜವಾದ ಕಣ್ಣು ಮೇಲಿದೆ, ಬಾಯಿ ಕೆಳಗಿದೆ. ಅಂದರೆ ಬಾಯಿಗೆ ಬರುವ ಏಡಿ, ಸಿಗಡಿ ಅದಕ್ಕೆ ಕಾಣುವುದೇ ಇಲ್ಲ. ಮತ್ತೆ ಹಿಡಿಯುವುದು ಹೇಗೆ?

ನನಗೆ ಈ ಮೀನಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ವಿಷಯ ಇದೇ. ಬಾಯಿಯ ಸುತ್ತ ಸಣ್ಣ ಸಣ್ಣ ರಂಧ್ರಗಳಿವೆ, ಅವುಗಳ ಒಳಗೆ ಲೋಳೆ ತುಂಬಿದ ನಳಿಗೆಗಳು. 1678ರಲ್ಲೇ ಇಟಲಿಯ ವೈದ್ಯ ಸ್ಟೆಫಾನೊ ಲೊರೆಂಜಿನಿ ಇವುಗಳನ್ನು ವಿವರಿಸಿದ್ದರು. ಜೀವಿಗಳ ಮೈಯಿಂದ ಹೊಮ್ಮುವ ಅತಿ ಸಣ್ಣ ವಿದ್ಯುತ್ತನ್ನು ಇವು ಗುರುತಿಸುತ್ತವೆ. 1971ರಲ್ಲಿ ವಿಜ್ಞಾನಿ ಏಡ್ರಿಯಾನಸ್ ಕಾಲ್ಮೈನ್ ಪ್ರಕಟಿಸಿದ ಪ್ರಯೋಗ ಎಷ್ಟು ಸೊಗಸಾಗಿದೆ ನೋಡಿ. ಒಂದು ಚಪ್ಪಟೆ ಮೀನನ್ನು, ವಿದ್ಯುತ್ತನ್ನು ಹೊರಗೆ ಬಿಡುವ ಅಗರ್ ಎಂಬ ಜೆಲ್ಲಿಯ ಗೂಡಿನಲ್ಲಿಟ್ಟು ಮರಳಲ್ಲಿ ಹೂತರು. ಸಣ್ಣ ಶಾರ್ಕ್ ನೇರವಾಗಿ ಅಲ್ಲಿಗೇ ಬಂತು. ವಿದ್ಯುತ್ ತಡೆಯುವ ತೆಳು ಪ್ಲಾಸ್ಟಿಕ್ ಹೊದಿಸಿದಾಗ ಗೊತ್ತಾಗದೆ ಹೋಯಿತು. ಕೊನೆಗೆ ಮೀನೇ ಇಲ್ಲದೆ ವಿದ್ಯುತ್ ಹರಿಸುವ ತಂತಿ ಹೂತರೆ ಅದನ್ನೇ ಕಚ್ಚಲು ಬಂತು! ಥಾರ್ನ್‌ಬ್ಯಾಕ್‌ಗೂ ಇದೇ ಇಂದ್ರಿಯ ಇದೆ.

ಹಾಗಾಗಿ ಹೊಟ್ಟೆಗೆ ಸುಮ್ನೆ ಬಿಳಿ ಬಳಿದು ಬಿಡಲು ಮನಸ್ಸಿಲ್ಲ. ಸೂಜಿಯಿಂದ ರಂಧ್ರ ಚುಚ್ಚುತ್ತಿದ್ದೇನೆ, ಬಾಯಿಯ ಸುತ್ತ ಒತ್ತಾಗಿ, ದೂರ ಹೋದಂತೆ ವಿರಳವಾಗಿ. ಏಡಿಯ ಚಿಪ್ಪು ಅರೆಯುವ ಚಪ್ಪಟೆ ಹಲ್ಲುಗಳು ಇನ್ನೂ ಬಾಕಿ. ಗೋಡೆಗೆ ತೂಗುಹಾಕಿದರೆ ಇದೆಲ್ಲ ಮುಚ್ಚಿಹೋಗುತ್ತದೆ. ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕೆಳಗೆ ಕನ್ನಡಿ ಇಡುತ್ತೇನೆ.

ಮುಂದಿನದು ನಂಗ್ ಎಂಬ ಮೀನು. ಅದೂ ಚಪ್ಪಟೆಯೇ, ಆದರೆ ಸ್ಕೇಟಿನಂತೆ ಹೊಟ್ಟೆಯ ಮೇಲಲ್ಲ, ಮಗ್ಗುಲಾಗಿ ಮಲಗುವ ಮೀನು. ಮರಿಯಿದ್ದಾಗ ತಲೆಯ ಎರಡೂ ಕಡೆ ಕಣ್ಣು. ಬೆಳೆಯುತ್ತಾ ಒಂದು ಕಣ್ಣು ಇನ್ನೊಂದರ ಪಕ್ಕಕ್ಕೆ ಸರಿದುಬಿಡುತ್ತದೆ. ಆ ಓರೆ ತಲೆಗೆ ತಂತಿ ಹೇಗೆ ಬಗ್ಗಿಸಬೇಕು ಅಂತ ಈಗಲೇ ಸ್ಕೆಚ್ ಹಾಕುತ್ತಿದ್ದೇನೆ.