ಎಲ್ಲಿಗೆ?

ಭಾನುವಾರ ತಿಪಟೂರಿನಲ್ಲಿ ಮಾವನ ತಿಥಿ ಮುಗಿಸಿಕೊಂಡು ಬಂದೆ. ಇವತ್ತು ಗುರುವಾರ. ಬೆಳಿಗ್ಗೆ ಕುಕ್ಕರ್ ಇಡುವಾಗಲೂ, ಆಫೀಸಿನ ಮೀಟಿಂಗಿನಲ್ಲೂ ಒಂದೇ ಮಾತು ಕಿವಿಯಲ್ಲಿ ಕೂತಿದೆ. ಮಾವನದ್ದಲ್ಲ, ಅತ್ತೆಯದು. ಒಂದೇ ಪದ.

ಎರಡನೇ ಪಂಕ್ತಿ ಎದ್ದಿತ್ತು. ಎಲೆ ಅಡಿಕೆ ತಟ್ಟೆಯ ಸುತ್ತ ಗಂಡಸರು ಕುರ್ಚಿ ಎಳೆದುಕೊಂಡು ಕೂತಿದ್ದರು. ನಡುವೆ ನಮ್ಮ ಕಡೆಯ ಒಬ್ಬ ದೊಡ್ಡ ಮನುಷ್ಯರು, ರಿಟೈರ್ಡ್ ಆಫೀಸರ್. ಅವರಿಗೆ ತಿಥಿ ಮನೆಯೂ ಒಂದೇ, ಬೀಳ್ಕೊಡುಗೆ ಸಮಾರಂಭವೂ ಒಂದೇ. ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. "ಎಂಥಾ ಆಟಗಾರ ಕಣ್ರೀ! ಖೋ ಖೋದಲ್ಲಿ ಅವನನ್ನ ಮುಟ್ಟೋರೇ ಇರ್ಲಿಲ್ಲ. ಒಂದು ಅವಕಾಶ ಸಿಕ್ಕಿದ್ದಿದ್ರೆ ಎಲ್ಲಿಗೋ ಹೋಗ್ಬಿಡ್ತಿದ್ದ."

ಕಂಬಕ್ಕೆ ಒರಗಿ ಕೂತಿದ್ದ ಅತ್ತೆ ತಲೆ ಎತ್ತಿ ಕೇಳಿದರು. "ಎಲ್ಲಿಗೆ?"

ಕೋಪ ಇರಲಿಲ್ಲ. ಕೊಂಕೂ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಓದಲು ಬಾರದವರು ಕಂಡಕ್ಟರನ್ನು ಕೇಳ್ತಾರಲ್ಲ, ಹಾಗೆ. ಆಫೀಸರು "ಅಲ್ಲಮ್ಮಾ, ಅಂದ್ರೆ..." ಅಂದವರು ತಟ್ಟೆಯಲ್ಲಿ ಅಡಿಕೆ ಹುಡುಕತೊಡಗಿದರು.

ಮಾವ ಅಂದರೆ ನನ್ನಮ್ಮನ ತಮ್ಮ. ಅವನಿಗೆ ಬಹುವಚನ ಹಚ್ಚಿದರೆ ಅವನೇ ನಕ್ಕುಬಿಡುತ್ತಿದ್ದ, ಹಾಗಾಗಿ ಇಲ್ಲೂ ಬೇಡ. ಎಪ್ಪತ್ತರ ದಶಕದಲ್ಲಿ ಹೈಸ್ಕೂಲು. ಕುಳ್ಳ. ಖೋ ಖೋಗೆ ಕುಳ್ಳರೇ ಸರಿ ಅನ್ನುತ್ತಿದ್ದ. ಎಂಟು ಜನ ಸಾಲಾಗಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಓಡುವವನು ಅವರ ಮಧ್ಯೆ ಹಾವಿನ ಹಾಗೆ ನುಸುಳಬೇಕು. ಅಟ್ಟುವವನಿಗೆ ಆ ಸಾಲು ದಾಟುವ ಹಾಗಿಲ್ಲ, ಹಿಡಿದ ದಿಕ್ಕು ಕಂಬ ಮುಟ್ಟುವವರೆಗೆ ಬಿಡುವ ಹಾಗಿಲ್ಲ. ಆ ಕಡೆ ಹೋಗಬೇಕಾದರೆ ಕೂತವನ ಬೆನ್ನು ಮುಟ್ಟಿ "ಖೋ" ಅನ್ನಬೇಕು. ಅವನು ಎದ್ದು ಓಡುತ್ತಾನೆ, ಖೋ ಕೊಟ್ಟವನು ಅವನ ಜಾಗದಲ್ಲಿ ಕೂರುತ್ತಾನೆ. ಇದನ್ನೆಲ್ಲ ಮಾವ ನಮಗೆ ಅಂಗಳದಲ್ಲಿ ತೆಂಗಿನಕಾಯಿ ಸಾಲಾಗಿ ಜೋಡಿಸಿ ಹೇಳಿಕೊಟ್ಟಿದ್ದ. ಕಾಯಿಗಳು ಏಳುತ್ತಿರಲಿಲ್ಲ, ಅವನೇ ಪ್ರತಿ ಕಾಯಿ ಪರವಾಗಿ ಎದ್ದು ಓಡುತ್ತಿದ್ದ.

ಅವನ ಎಡ ಮೊಣಕೈ ಮೇಲೆ ಹುಣಸೆಬೀಜದಷ್ಟು ಒಂದು ಕಲೆ. ಸುತ್ತಲಿನ ಚರ್ಮ ಒರಟು, ಆ ಜಾಗ ಮಾತ್ರ ನುಣ್ಣಗೆ. ಕಂಬದ ಹತ್ತಿರ ಡೈವ್ ಹೊಡೆದಾಗ ಜಲ್ಲಿಕಲ್ಲಿಗೆ ತಾಗಿದ್ದಂತೆ. ಚಿಕ್ಕವಳಿದ್ದಾಗ ಅವನ ಪಕ್ಕ ಮಲಗಿದರೆ ಆ ಕಲೆ ಸವರುತ್ತಲೇ ನಿದ್ದೆ ಹೋಗುತ್ತಿದ್ದೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲನೇ ಖೋ ಖೋ ವಿಶ್ವಕಪ್ ನಡೆಯಿತು. ಫೈನಲ್ ದಿನ ಮಾವ ಮಗಳ ಮೊಬೈಲ್ ಬಿಡಲೇ ಇಲ್ಲವಂತೆ. ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಲ್ಲಿ ಸೋಲಿಸಿದರು. ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರಲ್ಲ, ಅದೇ ಖುಷಿ ಅವನಿಗೆ. ರಾತ್ರಿ ನನಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದ. ಕೊನೆಗೆ ಒಂದು ತಕರಾರು. "ಎಲ್ಲಾ ಮ್ಯಾಟ್ ಮೇಲೆ ಆಡ್ತಾರೆ ಪುಟ್ಟಿ. ಒಬ್ಬಳ ಮೊಣಕೈನೂ ತರಚ್ಲಿಲ್ಲ." ಅದು ಬೇಜಾರೋ ಸಮಾಧಾನವೋ ಗೊತ್ತಾಗಲಿಲ್ಲ. "ನೀನೂ ಆಡಿದ್ರೆ ಹೋಗ್ತಿದ್ದೆ ಅಲ್ವಾ ಮಾವ?" ಅಂತ ಕೇಳಿದೆ. "ಯಾರು, ನಾನಾ? ದಿಲ್ಲೀಲಿ ಚಳಿ ಕಣೇ" ಅಂದ.

ಈಗ ನೋಡಿದರೆ ಆಫೀಸರು ಹೇಳಿದ್ದನ್ನೇ ನಾನೂ ಕೇಳಿದ್ದೆ. ಸ್ವಲ್ಪ ಪ್ರೀತಿಯಿಂದ ಕೇಳಿದ್ದೆ, ಅಷ್ಟೇ.

ಎಸ್ಸೆಸ್ಸೆಲ್ಸಿ ಆದಮೇಲೆ ಅವನು ಹೋಗಿದ್ದು ಕೊಬ್ಬರಿ ಮಂಡಿಗೆ, ಲೆಕ್ಕ ಬರೆಯಲು. ತಾತ ಹಾಸಿಗೆ ಹಿಡಿದಿದ್ದರು, ಮನೆಯಲ್ಲಿ ಮದುವೆಯಾಗಬೇಕಿದ್ದ ಅಕ್ಕಂದಿರು. ಅವರಲ್ಲೊಬ್ಬಳು ನನ್ನಮ್ಮ. ಆಮೇಲೆ ನಲವತ್ತು ವರ್ಷ ಅದೇ ಕೆಲಸ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಆರಿ, ತಿರುಳು ಚಿಪ್ಪು ಬಿಟ್ಟು ಗಡಗಡ ಅನ್ನಬೇಕು. ಆಗ ಸುಲಿದು, ಚಿಪ್ಪು ಒಡೆದರೆ ಉಂಡೆ ಕೊಬ್ಬರಿ. ಮಾವ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಒಂದೇ ಸಲ ಅಲ್ಲಾಡಿಸಿ "ಇನ್ನೂ ಒಂದು ತಿಂಗಳು ಮಲಗ್ಲಿ ಬಿಡಿ" ಅನ್ನುತ್ತಿದ್ದ. ಮಗು ಬಗ್ಗೆ ಹೇಳುವ ಹಾಗೆ.

ಹರಾಜಿನ ದಿನ ಮಂಡಿಯಲ್ಲಿ ಜಾತ್ರೆ. ಹಳ್ಳಿಯಿಂದ ಚೀಲ ತಂದ ಮುದುಕರು ಚೀಟಿ ಹಿಡಿದು ಇವನನ್ನೇ ಹುಡುಕುತ್ತಿದ್ದರು. ರೇಟು ಎಷ್ಟು, ತೂಕ ಎಷ್ಟು, ಕಳೆದದ್ದು ಎಷ್ಟು, ಕೈಗೆ ಎಷ್ಟು. ಎರಡೆರಡು ಸಲ ಓದಿ ಹೇಳುತ್ತಿದ್ದ. ಎರಡನೇ ಸಲ ಸ್ವಲ್ಪ ಜೋರಾಗಿ, ಒಳಗೆ ಕೂತ ಸಾಹುಕಾರರಿಗೂ ಕೇಳುವ ಹಾಗೆ. ಇದು ಒಳ್ಳೆತನವೋ ಕಿಲಾಡಿತನವೋ ಅಂತ ನಾನು ಆಗಲೇ ಅಂದುಕೊಂಡಿದ್ದುಂಟು. ತಿಥಿಗೆ ಬಂದಿದ್ದ ಅರ್ಧ ಜನ ಇಂಥವರೇ. ಒಬ್ಬ ಮುದುಕ ಒಂದು ಚೀಲ ಕಾಯಿ ಹೊತ್ತು ತಂದು ಬಾಗಿಲಲ್ಲಿ ಇಳಿಸಿದ. ಊಟಕ್ಕೆ ಕೂರಿ ಅಂದರೂ ಕೂರದೆ ಹೊರಟ. ಅವನು ಭಾಷಣ ಮಾಡಲಿಲ್ಲ.

ಇನ್ನು ರೈಲಿನ ಕತೆ. ಇದನ್ನು ನಾನು ಗೆಳತಿಯರ ಮುಂದೆ ನೂರು ಸಲವಾದರೂ ಹೇಳಿ ನಗಿಸಿದ್ದೇನೆ. 2004. ಬೆಂಗಳೂರಿನಲ್ಲಿ ನನ್ನ ಮೊದಲ ಇಂಟರ್‌ವ್ಯೂ. ರೈಲು ಹತ್ತಿ ಕಿಟಕಿ ಪಕ್ಕ ಕೂತಮೇಲೆ ನೋಡುತ್ತೇನೆ, ಮಾರ್ಕ್ಸ್ ಕಾರ್ಡ್ ಫೈಲಿಲ್ಲ. ಮಾವನ ಮನೆಯ ಟೀವಿ ಮೇಲೆ ಬಿಟ್ಟುಬಂದಿದ್ದೆ. ರೈಲು ಹೊರಟೇಬಿಟ್ಟಿತು. ನಾನು ಅಳುವುದೊಂದು ಬಾಕಿ. ಅಷ್ಟರಲ್ಲಿ ಮಾವ! ಪಂಚೆ ಮೇಲಕ್ಕೆ ಕಟ್ಟಿ, ಚಪ್ಪಲಿ ಎಲ್ಲೋ ಬಿಟ್ಟು, ಎಳನೀರು ಗಾಡಿ, ಟ್ರಂಕು, ಮಲಗಿದ್ದ ನಾಯಿ ಎಲ್ಲ ತಪ್ಪಿಸಿಕೊಂಡು ಬರುತ್ತಿದ್ದಾನೆ. ನಲವತ್ತು ದಾಟಿದ ಗಂಡಸು. ಅವನು ಓಡಿದ್ದನ್ನು ನಾನು ನಿಜವಾಗಿ ನೋಡಿದ್ದು ಅವತ್ತು ಒಂದೇ ದಿನ. ಸೊಂಟದಿಂದ ಮೇಲೆ ಅಲುಗಾಟವೇ ಇರಲಿಲ್ಲ. ಕಿಟಕಿ ಸಮಕ್ಕೆ ಬಂದು, ಸರಳಿನ ಸಂದಿಯಲ್ಲಿ ಫೈಲು ತೂರಿಸಿ, ನನ್ನ ಕೈ ಮುಟ್ಟಿ, "ಖೋ!" ಅಂತ ಕೂಗಿದ. ಎದುರು ಸೀಟಿನ ಅಜ್ಜಿ ಬೆಚ್ಚಿಬಿದ್ದರು.

ಹಿಂತಿರುಗಿ ನೋಡಿದರೆ ಪ್ಲಾಟ್‌ಫಾರಂ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಾನೆ. ಖೋ ಕೊಟ್ಟವನು ಕೂರಬೇಕಲ್ಲ! ಆಟದ ನಿಯಮ ಇಲ್ಲೂ ಬಿಡಲಿಲ್ಲ ಅಂತ ನಾನು ಅರಸೀಕೆರೆ ಕಡೆಯ ಹೊಲಗಳನ್ನು ಬೆನ್ನಿಗೆ ಬಿಟ್ಟು ತುಮಕೂರಿನವರೆಗೂ ನಗುತ್ತಾ ಹೋದೆ. ಆ ಕೆಲಸ ಸಿಗಲಿಲ್ಲ, ಅದು ಬೇರೆ ಮಾತು.

ಭಾನುವಾರ ಸಂಜೆ ಜನ ಎಲ್ಲ ಹೋದಮೇಲೆ ಅತ್ತೆಯ ಪಕ್ಕ ಕೂತು ಈ ಕತೆ ತೆಗೆದೆ. ಅವರನ್ನು ನಗಿಸೋಣ ಅಂತ ಸುಮ್ನೆ. ಕೂತುಕೊಂಡ ಜಾಗಕ್ಕೆ ಬಂದಾಗ ಅತ್ತೆ ನನ್ನನ್ನೇ ನೋಡಿದರು.

"ಆಟಕ್ಕೆ ಕೂತಿದ್ದಲ್ಲ ಕಣೇ ಅದು. ಮಂಡಿ ಹಿಡ್ಕೊಂಡ್ಬಿಟ್ಟಿತ್ತು. ಏಳೋಕೇ ಆಗ್ಲಿಲ್ಲ. ಯಾರೋ ಇಬ್ಬರು ಎತ್ತಿ ಆಟೋದಲ್ಲಿ ಕರ್ಕೊಂಡ್ ಬಂದ್ರು. ಹದಿನೈದು ದಿನ ಕೆಲಸಕ್ಕೆ ಹೋಗ್ಲಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ ಅತ್ತೆ?"

"ಹೇಳ್ಬೇಡ ಅಂದಿದ್ರು. ನೀನು ಫೋನ್ ಮಾಡ್ದಾಗೆಲ್ಲ ವ್ಯಾಪಾರದ ಬಗ್ಗೆ ಕೇಳ್ತಿದ್ದೆಯಲ್ಲ, 'ಮಂಡಿ ಹೆಂಗಿದೆ ಮಾವ' ಅಂತ. ಹಾಸಿಗೆ ಮೇಲೆ ಮಲಗೇ ಮಂಡಿ ನೀವ್ಕೊಂಡು 'ಸ್ವಲ್ಪ ಡಲ್ಲು ಪುಟ್ಟಿ, ಸರಿಹೋಗುತ್ತೆ' ಅನ್ನೋರು. ಫೋನ್ ಇಟ್ಟಮೇಲೆ ನಕ್ಕಿದ್ದೇ ನಕ್ಕಿದ್ದು."